ಏಳನೆಯ ತರಗತಿ ದಾಟುವ ಹೆಣ್ಣುಮಕ್ಕಳ ಬೆನ್ನಿಗೆ ನಿಲ್ಲುವುದು ಹೇಗೆ? ಅನುಭವಸ್ಥರಲ್ಲಿ ಒಂದು ಕೋರಿಕೆ

ದೇವದುರ್ಗದ ನರ್ಸ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ನನ್ನ ಊರು ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಇರುವುದು ಏಳನೆಯ ತರಗತಿಯವರೆಗೆ ಮಾತ್ರ. ಎಂಟನೆಯ ತರಗತಿಗೆ ಆರು ಕಿಲೋಮೀಟರ್ ಆಚೆಯ ಊರಿನ ಪ್ರೌಢಶಾಲೆಗೆ ಹೋಗಬೇಕು. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತ್ತು. ಅದರ ಮರುವರ್ಷ ನನಗೂ ಒಂದು ಸಿಕ್ಕಿತು. ನನ್ನ ಜೊತೆ ಏಳನೆಯ ತರಗತಿ ಮುಗಿಸಿದ ಒಂಬತ್ತು ಹುಡುಗಿಯರಲ್ಲಿ ಆ ರಸ್ತೆಯಲ್ಲಿ ಸೈಕಲ್ ತುಳಿದವರು ನಾಲ್ವರು. ಉಳಿದ ಐವರು ಹೊಲದ ಕೆಲಸಕ್ಕೆ ಹೋದರು, ಒಬ್ಬೊಬ್ಬರಾಗಿ ಮದುವೆಯಾದರು. ಅವರಲ್ಲೊಬ್ಬಳ ಮಗಳು ಈಗ ಅದೇ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಾಳೆ.

ಕಳೆದ ಜೂನ್‌ನಿಂದ ನಾನು ತಿಂಗಳಿಗೆ ಎರಡು ಶನಿವಾರ ಊರಿಗೆ ಹೋಗಿ, ಶಾಲೆ ಬಿಟ್ಟ ಮೇಲೆ ಮುಖ್ಯ ಶಿಕ್ಷಕರ ಅನುಮತಿಯಿಂದ ಆ ತರಗತಿಯ ಏಳು ಹುಡುಗಿಯರ ಜೊತೆ ಕುಳಿತುಕೊಳ್ಳುತ್ತಿದ್ದೇನೆ. ಮೊದಲ ದಿನ ನಾನು ಮಾಡಿದ್ದು, ಮುಂದೆ ಏನಾಗಬೇಕೆಂದುಕೊಂಡಿದ್ದೀರಿ ಎಂದು ಕೇಳಿದ್ದು. ನಾಲ್ವರು ಟೀಚರ್ ಎಂದರು, ಇಬ್ಬರು ಪೊಲೀಸ್ ಎಂದರು, ಒಬ್ಬಳು ನನ್ನ ಮುಖ ನೋಡಿ ನರ್ಸ್ ಎಂದಳು. ನಾನು ಆಸ್ಪತ್ರೆಯ ಕೆಲಸದ ಬಗ್ಗೆ, ಬೇರೆ ಬೇರೆ ಉದ್ಯೋಗಗಳ ಬಗ್ಗೆ ಒಂದು ಗಂಟೆ ಮಾತನಾಡಿದೆ. ಎಲ್ಲರೂ ಕೈಕಟ್ಟಿ ಕೇಳಿದರು. ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ, ನನ್ನ ಸಹಪಾಠಿಯ ಮಗಳು ಎದ್ದು ನಿಂತು, “ಯಕ್ಕಾ, ಹೈಸ್ಕೂಲಿನಿಂದ ತಿರುಗಿ ಬರೋ ಬಸ್ಸು ಎಷ್ಟೊತ್ತಿಗೈತ್ರಿ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ನಂತರ ನಾನು ವಿಚಾರಿಸಿ ನೋಡಿದೆ. ಸೈಕಲ್ ವಿತರಣೆ ನಿಂತು ಕೆಲವು ವರ್ಷಗಳಾಗಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹುಡುಗಿಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ನಮ್ಮೂರಿನ ಕಡೆಗೆ ಮಧ್ಯಾಹ್ನ ಮೂರೂವರೆಗೆ ಒಂದು ಬಸ್ ಇದೆ, ಅದು ತಪ್ಪಿದರೆ ಸಂಜೆ ಆರೂವರೆಗೆ. ಪ್ರೌಢಶಾಲೆ ಬಿಡುವುದು ನಾಲ್ಕೂವರೆಗೆ. ಚಳಿಗಾಲದಲ್ಲಿ ಆರೂವರೆಯ ಬಸ್ಸು ಹತ್ತಿದ ಹುಡುಗಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಏಳು ಮಂದಿಯಲ್ಲಿ ಮೂವರ ಮನೆಯವರು ಈಗಲೇ “ನೋಡೋಣ” ಎನ್ನುತ್ತಿದ್ದಾರೆ. ನಮ್ಮ ಕಡೆ ಆ ಮಾತಿನ ಅರ್ಥವೇನೆಂದು ನಿಮಗೆ ಗೊತ್ತು.

ಈ ಏಳೂ ಹುಡುಗಿಯರು ಎಂಟನೆಯ ತರಗತಿಗೆ ಸೇರಿ, ಅಲ್ಲಿಂದ ಪಿಯುಸಿ, ಕಾಲೇಜು, ಉದ್ಯೋಗದವರೆಗೆ ಹೋಗಬೇಕಾದರೆ ನನ್ನಂಥವಳು ಯಾವುದನ್ನು ಮೊದಲು ಮಾಡಬೇಕು? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಗಣಿತದ ಮೇಷ್ಟ್ರು, ಕೊಪ್ಪಳ ಜಿಲ್ಲೆ

ಮೇಡಂ, ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಆ ಹುಡುಗಿ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ನೀವು ಅದರಿಂದಲೇ ಆರಂಭಿಸಿ.

ನಾನು ಕಂಡಂತೆ, ಹೆಚ್ಚಿನ ಹುಡುಗಿಯರ ಓದನ್ನು ಯಾರೂ ತೀರ್ಮಾನ ಮಾಡಿ ಬಿಡಿಸುವುದಿಲ್ಲ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ರಜೆಯಲ್ಲಿ ಅದು ತಾನಾಗಿಯೇ ಬಿಟ್ಟುಹೋಗುತ್ತದೆ. ವರ್ಗಾವಣೆ ಪತ್ರ ಹಳೆಯ ಶಾಲೆಯಲ್ಲೇ ಉಳಿದಿರುತ್ತದೆ, ತಂದೆತಾಯಿ ಗುಳೆ ಹೋಗಿರುತ್ತಾರೆ, ಹುಡುಗಿ ತಮ್ಮಂದಿರನ್ನು ನೋಡಿಕೊಳ್ಳುತ್ತಾ ಅಜ್ಜಿಯ ಬಳಿ ಇರುತ್ತಾಳೆ, ಜೂನ್ ಕಳೆದು ಜುಲೈ ಬರುತ್ತದೆ. ಆಗ ಹೊಸ ಶಾಲೆಗೆ ಅವಳೊಬ್ಬಳೇ ತಡವಾಗಿ ಕಾಲಿಡಲು ನಾಚಿಕೊಳ್ಳುತ್ತಾಳೆ. ಆದ್ದರಿಂದ ಮಾರ್ಚ್ ಮುಗಿಯುವುದರೊಳಗೆ ಏಳೂ ಮಂದಿಯನ್ನು ಒಮ್ಮೆ ಆ ಪ್ರೌಢಶಾಲೆಗೆ ಕರೆದುಕೊಂಡು ಹೋಗಿ. ಕೋಣೆ, ಶೌಚಾಲಯ, ನೀರಿನ ನಲ್ಲಿ, ಬಸ್ ನಿಲ್ಲುವ ಜಾಗ, ಇವುಗಳನ್ನು ಅವರು ಕಣ್ಣಾರೆ ನೋಡಲಿ. ಪ್ರತಿಯೊಬ್ಬಳ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸಂಖ್ಯೆ) ಬರೆದುಕೊಂಡು ಪ್ರೌಢಶಾಲೆಯ ಮುಖ್ಯ ಶಿಕ್ಷಕರ ಕೈಗೆ ಕೊಡಿ; ಹೆಸರು ಹೆಸರಾಗಿ ಗೊತ್ತಿದ್ದರೆ ಜೂನ್‌ನಲ್ಲಿ ಬಾರದವಳನ್ನು ಹುಡುಕಿಕೊಂಡು ಬರಲು ಅವರಿಗೂ ಅನುಕೂಲ.

ಬಸ್ಸಿನ ವಿಷಯದಲ್ಲಿ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಠರಾವು ಮತ್ತು ಗ್ರಾಮ ಪಂಚಾಯಿತಿಯ ಪತ್ರ ಎರಡನ್ನೂ ಇಟ್ಟು ಡಿಪೋ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ನಮ್ಮಲ್ಲಿ ಇಂಥ ಅರ್ಜಿ ಎರಡು ಬಾರಿ ಮೂಲೆ ಸೇರಿತು. ಮೂರನೆಯ ಬಾರಿ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದುನಿಂತು ಕೇಳಿದ ಮೇಲೆ ಬಸ್ಸಿನ ಹೊತ್ತು ಬದಲಾಯಿತು.

ಇನ್ನು ಎನ್‌ಎಂಎಂಎಸ್, ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಇದನ್ನು ಏಳನೆಯ ತರಗತಿಯಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಎಂಟನೆಯ ತರಗತಿಯಲ್ಲಿ ಇದನ್ನು ಬರೆಯಬೇಕಾದರೆ ಏಳರಲ್ಲಿ ಶೇಕಡ 55 ಅಂಕ ಇರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡ 5 ಸಡಿಲಿಕೆ ಇದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಮಾನಸಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90 ಪ್ರಶ್ನೆ, ಪಠ್ಯವಿಷಯಗಳ ಪತ್ರಿಕೆಯಲ್ಲಿ 90 ಪ್ರಶ್ನೆ. ನಮ್ಮ ಭಾಗದ ತೊಡಕು ಏನೆಂದರೆ, ಇದಕ್ಕೆ ತಯಾರಿ ನಡೆಯಬೇಕಾದ ತಿಂಗಳುಗಳೇ ಹತ್ತಿ ಬಿಡಿಸುವ ತಿಂಗಳುಗಳು. ದಸರೆಯ ನಂತರ ನನ್ನ ತರಗತಿಯಲ್ಲಿ ಹುಡುಗಿಯರ ಸಾಲು ಅರ್ಧ ಖಾಲಿ. ಹತ್ತಿಯ ಗಿಡ ಕುಳ್ಳಗಿರುತ್ತದೆ, ಅರಳಿದ ಕಾಯಿಯಿಂದ ಎಳೆಯನ್ನು ಬಿಡಿಸಲು ಸಣ್ಣ ಬೆರಳುಗಳೇ ಬೇಕು ಎಂದು ಹೇಳಿ ಮಕ್ಕಳನ್ನು ಕರೆದೊಯ್ಯುತ್ತಾರೆ. ನಾನು ಆ ದಿನಗಳಲ್ಲಿ ರಾತ್ರಿ ಏಳರಿಂದ ಎಂಟೂವರೆವರೆಗೆ ಪಾಠ ಇಟ್ಟುಕೊಳ್ಳುತ್ತೇನೆ. ಬಂದ ಮಕ್ಕಳ ಬೆರಳ ತುದಿಗಳು ಹತ್ತಿಯ ಒಣ ತೊಟ್ಟು ಚುಚ್ಚಿ ಗೀರಾಗಿರುತ್ತವೆ. ಆ ಬೆರಳಲ್ಲೇ ಅವರು ಭಿನ್ನರಾಶಿ ಬರೆಯುತ್ತಾರೆ.

ಗಣಿತವನ್ನು ಈಗಲೇ ಗಟ್ಟಿ ಮಾಡಿಸಿ. ಭಿನ್ನರಾಶಿ, ದಶಮಾಂಶ, ಶೇಕಡಾವಾರು, ಈ ಮೂರು ಬಾರದೆ ಎಂಟಕ್ಕೆ ಬಂದ ಹುಡುಗಿ ಬೀಜಗಣಿತದ ಮುಂದೆ ಮೂಕಳಾಗುತ್ತಾಳೆ, ಮುಂದೆ ತನಗೆ ವಿಜ್ಞಾನ ಆಗುವುದಿಲ್ಲ ಎಂದು ತಾನೇ ತೀರ್ಮಾನಿಸಿಕೊಳ್ಳುತ್ತಾಳೆ.

ಆಶಾ ಕಾರ್ಯಕರ್ತೆ, ಸಿಂಧನೂರು

ತಂಗಿ, ನಿಮ್ಮ ಜೊತೆ ಓದಿ ಮುಂದೆ ಹೋಗಲಾಗದ ಐವರ ಬಗ್ಗೆ ಓದಿದಾಗ ನಾನೂ ಅಂಥವಳೇ ಅನ್ನಿಸಿತು. ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲೇ ನಾನು ದೊಡ್ಡವಳಾದೆ. ನಮ್ಮ ಮನೆಯಲ್ಲಿ ಆ ಮೇಲೆ ಶಾಲೆಯ ಮಾತೇ ಬರಲಿಲ್ಲ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕದ ಚೀಲವನ್ನು ಅಟ್ಟದ ಮೇಲೆ ಇಟ್ಟರು, ಅಷ್ಟೇ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳಾದ ಮೇಲೆ, ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿದೆ. ಗಣಿತದಲ್ಲಿ ಎರಡು ಸಲ ಬಿದ್ದು ಮೂರನೆಯ ಸಲಕ್ಕೆ ಪಾಸಾದೆ.

ಆದ್ದರಿಂದ ನಾನು ಹೇಳುವುದು, ನೀವು ಹುಡುಗಿಯರ ಜೊತೆ ಮಾತನಾಡಿದಷ್ಟೇ ಹೊತ್ತು ಅವರ ಮನೆಗಳಲ್ಲಿಯೂ ಕುಳಿತುಕೊಳ್ಳಿ. ಹದಿಮೂರು ವರ್ಷದ ಹುಡುಗಿಗೆ ಎಷ್ಟು ಧೈರ್ಯ ತುಂಬಿದರೂ ಮನೆಯ ತೀರ್ಮಾನ ಅವಳ ಕೈಯಲ್ಲಿ ಇರುವುದಿಲ್ಲ. ತಂದೆಗಿಂತ ಮೊದಲು ಅಜ್ಜಿಯನ್ನು ಮಾತನಾಡಿಸಿ. ನಮ್ಮ ಮನೆಗಳಲ್ಲಿ ಮೊಮ್ಮಗಳ ಮದುವೆಯ ಮಾತು ಹುಟ್ಟುವುದು ಅವರ ಬಾಯಲ್ಲೇ. ಭಾಷಣ ಬೇಡ. ನೀವು ಈಗ ಎಷ್ಟು ಸಂಬಳ ತರುತ್ತೀರಿ, ನಿಮ್ಮ ತಾಯಿಯ ಕಣ್ಣಿನ ಆಪರೇಷನ್ನಿಗೋ ಮನೆಯ ರಿಪೇರಿಗೋ ಹೇಗೆ ನೆರವಾದಿರಿ, ಅದನ್ನು ಇದ್ದದ್ದು ಇದ್ದಂತೆ ಹೇಳಿ. ನಿಮ್ಮನ್ನು ಅವರು ಸಣ್ಣವಳಿದ್ದಾಗಿನಿಂದ ನೋಡಿದ್ದಾರೆ, ಅದಕ್ಕೇ ನಿಮ್ಮ ಮಾತಿಗೆ ತೂಕ ಇದೆ. ಬೆಂಗಳೂರಿನಿಂದ ಒಂದು ದಿನಕ್ಕೆ ಬಂದುಹೋಗುವ ಅಧಿಕಾರಿಯ ಮಾತಿಗೆ ಆ ತೂಕ ಬರುವುದಿಲ್ಲ.

ಇನ್ನೊಂದು, ಆ ಹುಡುಗಿಯರಲ್ಲಿ ಯಾರ ಮನೆಯಲ್ಲಿ ಭಾಗ್ಯಲಕ್ಷ್ಮಿ ಬಾಂಡ್ (ಬಡ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಇಟ್ಟ ಠೇವಣಿ) ಇದೆ ಎಂದು ಕೇಳಿ. ಹದಿನೆಂಟಕ್ಕೆ ಮೊದಲು ಮದುವೆ ಮಾಡಿದರೆ ಆ ಹಣ ಸಿಗುವುದಿಲ್ಲ ಎಂಬುದನ್ನು ಬಹಳ ತಾಯಂದಿರು ಮರೆತಿರುತ್ತಾರೆ. ನಾನು ಮನೆಗೆ ಹೋದಾಗ ಬಾಂಡ್ ತೆಗೆಸಿ, ಅದರ ಮೇಲಿನ ಷರತ್ತನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಡಲ್ಲಾಸ್‌ನಲ್ಲಿರುವ ಕನ್ನಡಿಗ

ನಾನು ಯಾದಗಿರಿ ಜಿಲ್ಲೆಯವನು, ಹದಿನಾಲ್ಕು ವರ್ಷಗಳಿಂದ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಹೆಂಡತಿಯೂ ಅದೇ ಕ್ಷೇತ್ರದಲ್ಲಿದ್ದಾಳೆ. ನಾವಿಬ್ಬರೂ ವಾರಕ್ಕೊಮ್ಮೆ ವಿಡಿಯೊ ಕರೆಯ ಮೂಲಕ ಇಂಥ ಹುಡುಗಿಯರಿಗೆ ಮಾರ್ಗದರ್ಶನ ಮಾಡಲು ಸಿದ್ಧರಿದ್ದೇವೆ. ಕಂಪ್ಯೂಟರ್, ಪ್ರೋಗ್ರಾಮಿಂಗ್ ಕಲಿಸಬಹುದು. ಲ್ಯಾಪ್‌ಟಾಪ್‌ಗಳನ್ನೂ ಕೊಡಿಸಬಹುದು. ಇದರಿಂದ ಉಪಯೋಗ ಆದೀತೇ, ಅಥವಾ ನಾವು ಬೇರೆ ಏನಾದರೂ ಮಾಡುವುದು ಒಳ್ಳೆಯದೇ, ಮುಚ್ಚುಮರೆಯಿಲ್ಲದೆ ಹೇಳಿ.

ಗಣಿತದ ಮೇಷ್ಟ್ರು, ಕೊಪ್ಪಳ ಜಿಲ್ಲೆ

ಸರ್, ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿ ಹೇಳುತ್ತೇನೆ. ವಾರಕ್ಕೊಮ್ಮೆ ಎಂದು ಆರಂಭಿಸಿ ನಾಲ್ಕನೆಯ ತಿಂಗಳಲ್ಲಿ ನಿಂತುಹೋದ ಕರೆಗಳನ್ನು ನಾನು ನೋಡಿದ್ದೇನೆ. ದೊಡ್ಡವರಿಗೆ ಅದು ಮರೆತುಹೋಗುತ್ತದೆ. ಮಕ್ಕಳು ಮಾತ್ರ ತಾವೇನೋ ತಪ್ಪು ಮಾಡಿದೆವೆಂದು ತಿಳಿದುಕೊಳ್ಳುತ್ತಾರೆ. ತಿಂಗಳಿಗೆ ಒಂದೇ ಕರೆ ಸಾಕು, ಆದರೆ ಎಂಟನೆಯ ತರಗತಿಯಿಂದ ಎಸ್‌ಎಸ್‌ಎಲ್‌ಸಿವರೆಗೆ ಮೂರು ವರ್ಷ ಅದು ತಪ್ಪಬಾರದು. ಅಷ್ಟು ದಿನ ಆಗುತ್ತದೆ ಎಂದಾದರೆ ಮಾತ್ರ ಒಪ್ಪಿಕೊಳ್ಳಿ.

ಕರೆ ಶಾಲೆಯಲ್ಲೋ ಪಂಚಾಯಿತಿಯ ಅರಿವು ಕೇಂದ್ರದಲ್ಲೋ (ಗ್ರಂಥಾಲಯದಲ್ಲೋ) ನಡೆಯಬೇಕು, ಒಬ್ಬ ಶಿಕ್ಷಕಿ ಜೊತೆಗಿರಬೇಕು, ಗುಂಪಿನಲ್ಲೇ ಮಾತು ಆಗಬೇಕು. ಹುಡುಗಿಯರ ವೈಯಕ್ತಿಕ ಮೊಬೈಲ್‌ಗೆ ಯಾರೂ ಸಂದೇಶ ಕಳಿಸಬಾರದು, ಅವರ ಫೋಟೊಗಳನ್ನು ಎಲ್ಲಿಯೂ ಹಾಕಬಾರದು. ಇದು ನಿಮ್ಮ ಮೇಲಿನ ಅನುಮಾನದಿಂದ ಹೇಳಿದ ಮಾತಲ್ಲ. ಊರಿನಲ್ಲಿ ಒಂದು ಸಣ್ಣ ಮಾತು ಎದ್ದರೂ ಮೊದಲು ನಿಲ್ಲುವುದು ಹುಡುಗಿಯ ಓದು.

ಲ್ಯಾಪ್‌ಟಾಪಿಗಿಂತ, ನರ್ಸ್ ಮೇಡಂ ಅವರ ಊರಿನ ಇಬ್ಬರು ಪಿಯುಸಿ ಅಥವಾ ಪದವಿ ಓದುವ ಹುಡುಗಿಯರಿಗೆ ತಿಂಗಳಿಗೆ ಒಂದಿಷ್ಟು ಗೌರವಧನ ಕೊಟ್ಟು ಈ ಮಕ್ಕಳಿಗೆ ಸಂಜೆ ಪಾಠ ಹೇಳಿಸಿ. ಪಾಠ ಹೇಳುವವಳ ಓದೂ ಉಳಿಯುತ್ತದೆ, ಸಣ್ಣವರ ಕಣ್ಣ ಮುಂದೆ ತಮ್ಮದೇ ಓಣಿಯ ಒಂದು ಮಾದರಿಯೂ ಇರುತ್ತದೆ.

ಡಿಪ್ಲೊಮಾ ವಿದ್ಯಾರ್ಥಿನಿ, ಕಲಬುರಗಿ

ಮೇಷ್ಟ್ರು ಹೇಳಿದ ಕೊನೆಯ ಮಾತು ನನ್ನ ಜೀವನದಲ್ಲಿ ನಡೆದದ್ದು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲಿಗಳು ನಾನೇ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಬಿಟ್ಟು ಬೇರೆ ದಾರಿ ಇದೆ ಎಂದು ನನಗೆ ತಿಳಿಸಿದವಳು ನಮ್ಮ ಓಣಿಯ ಅಕ್ಕ, ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದವಳು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಬಹುದು, ಇಲ್ಲವೇ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದನ್ನು ಅವಳು ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಳು. ಆ ಕಾಗದ ಈಗಲೂ ನನ್ನ ಬಳಿ ಇದೆ.

ನರ್ಸ್ ಅಕ್ಕ, ದಾಖಲೆಗಳ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಕಾಗುಣಿತ ಇದ್ದುದರಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿವೇತನ ಬರಲೇ ಇಲ್ಲ. ಅಪ್ಪ ಮೂರು ದಿನ ಕೂಲಿ ಬಿಟ್ಟು ಓಡಾಡಿದರು. ಏಳನೆಯ ತರಗತಿಯಲ್ಲೇ ಎಲ್ಲರ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು ಹೊಂದುತ್ತವೆಯೇ ಎಂದು ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಡಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಮೀಸಲಾತಿ ಇದೆ, ಆದರೆ ಹತ್ತೂ ವರ್ಷಗಳ ಅಧ್ಯಯನ ಪ್ರಮಾಣಪತ್ರ ಬೇಕು. ಹಳೆಯ ಶಾಲೆಯಿಂದ ಅದನ್ನು ಏಳನೆಯ ತರಗತಿಯ ಕೊನೆಗೇ ಪಡೆದು ಇಟ್ಟುಕೊಂಡರೆ ಮುಂದೆ ಅಲೆಯುವುದು ತಪ್ಪುತ್ತದೆ. ನಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ, ಈ ಭಾಗಕ್ಕಿರುವ ವಿಶೇಷ ಮೀಸಲಾತಿಯ 371(ಜೆ) ಪ್ರಮಾಣಪತ್ರವೂ ಸೇರಿಕೊಳ್ಳುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಪಾಲಿಟೆಕ್ನಿಕ್‌ನ ಮೊದಲ ತಿಂಗಳು ನಾನು ಪ್ರತಿದಿನ ಅತ್ತೆ. ಎಲ್ಲವೂ ಇಂಗ್ಲಿಷ್. ‘ವಿದ್ಯುತ್ ಪ್ರವಾಹ’ ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ‘ಕರೆಂಟ್’ ಎಂದರೆ ಮನೆಗೆ ಬರುವ ಕರೆಂಟು ಎಂದಷ್ಟೇ ತಿಳಿದಿದ್ದೆ. ನನಗೆ ಬುದ್ಧಿ ಇಲ್ಲವೆಂದೇ ನಂಬಿದ್ದೆ. ಪಿಯುಸಿ ವಿಜ್ಞಾನಕ್ಕೆ ಹೋದ ನನ್ನ ಗೆಳತಿಯರಿಗೂ ಇದೇ ಆಯಿತು, ಇಬ್ಬರು ಬಿಟ್ಟರು. ಒಂಬತ್ತನೆಯ ತರಗತಿಯಿಂದ ದಿನಕ್ಕೆ ಮೂರು ಪದದಂತೆ ವಿಜ್ಞಾನ ಮತ್ತು ಗಣಿತದ ಇಂಗ್ಲಿಷ್ ಪದಗಳನ್ನು ಕನ್ನಡದ ಪದದ ಪಕ್ಕದಲ್ಲಿ ಬರೆಸಿ. ಇಷ್ಟನ್ನು ಯಾರಾದರೂ ನಮಗೆ ಮಾಡಿದ್ದರೆ ಆ ಇಬ್ಬರು ಇಂದು ನನ್ನ ಜೊತೆ ಇರುತ್ತಿದ್ದರು.

ವಿದ್ಯಾರ್ಥಿನಿಲಯದ ಮೇಲ್ವಿಚಾರಕಿ

ಎಲ್ಲರೂ ಬಸ್ಸಿನ ಬಗ್ಗೆ ಮಾತನಾಡುತ್ತಿದ್ದೀರಿ. ಬಸ್ಸೇ ಕಷ್ಟವಾದರೆ ಹುಡುಗಿಯರನ್ನು ಹಾಸ್ಟೆಲ್‌ಗೆ ಸೇರಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಪ್ರವೇಶ ಆರನೆಯ ತರಗತಿಗೆ ನಡೆಯುವುದರಿಂದ ನಿಮ್ಮ ಏಳು ಮಂದಿಗೆ ಆ ಬಾಗಿಲು ದಾಟಿಹೋಗಿದೆ; ಅದಕ್ಕೆ ಐದನೆಯ ತರಗತಿಯ ಮಕ್ಕಳನ್ನು ಈಗಿನಿಂದಲೇ ತಯಾರು ಮಾಡಿ. ಆದರೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ಪೂರ್ವ ಬಾಲಕಿಯರ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಖಾಲಿ ಸೀಟುಗಳಿಗೆ ಪರೀಕ್ಷೆ ಇರುತ್ತದೆ. ಗುಳೆ ಹೋಗುವ ಮನೆಗಳ ಹುಡುಗಿಯರಿಗೆ ಹಾಸ್ಟೆಲ್ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ನನ್ನ ನಿಲಯದಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಯಾವ ಹುಡುಗಿಯೂ ತರಗತಿ ತಪ್ಪಿಸುವುದಿಲ್ಲ.

ಆಶಾ ಕಾರ್ಯಕರ್ತೆ, ಸಿಂಧನೂರು

ಮೇಡಂ, ಗುಳೆ ಹೋಗುವ ಮನೆಗಳಿಗೆ ನೀವು ಹೇಳಿದ್ದು ನಿಜ. ಆದರೆ ಎಲ್ಲ ಹುಡುಗಿಯರನ್ನೂ ಹಾಸ್ಟೆಲ್‌ಗೆ ಕಳುಹಿಸಿ ಎಂದರೆ ನಾನು ಒಪ್ಪುವುದಿಲ್ಲ. ನಮ್ಮೂರಿನ ಇಬ್ಬರು ಮಕ್ಕಳು ದೀಪಾವಳಿಗೆ ಊರಿಗೆ ಬಂದವರು ಮರಳಿ ಹೋಗಲೇ ಇಲ್ಲ. ಮನೆಯವರಿಗೆ ಒಪ್ಪಿಗೆ ಇಲ್ಲದೆ ಒತ್ತಾಯಕ್ಕೆ ಕಳುಹಿಸಿದ್ದರು. ಮನೆಯಿಂದಲೇ ಓದಲು ದಾರಿ ಇದ್ದರೆ ಅದನ್ನು ಮೊದಲು ಗಟ್ಟಿ ಮಾಡಬೇಕು. ಸರ್ಕಾರವೇ ಊಟ, ವಸತಿ, ಪಾಠ ಮೂರನ್ನೂ ಕೊಡುವ ವಸತಿ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಸಿಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮದುವೆಯ ವಿಷಯದಲ್ಲಿ ಒಂದು ಮಾತು, ತಂಗಿ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ದಿನಾಂಕ ಗೊತ್ತಾದ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ ತಿಳಿಸಿ, ಹಿಂದುಮುಂದು ನೋಡಬೇಡಿ. ಆದರೆ ಮೊದಲ ಭೇಟಿಯಲ್ಲೇ ಕಾನೂನಿನ ಹೆಸರು ಎತ್ತಿದರೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಹುಡುಗಿಯನ್ನು ನಿಮ್ಮ ಬಳಿ ಬರಗೊಡುವುದಿಲ್ಲ. ಮದುವೆ ನಿಲ್ಲಿಸಿದ ಮಾರನೆಯ ದಿನ ಆ ಹುಡುಗಿ ಯಾರ ಮನೆಯಲ್ಲಿ ಇರುತ್ತಾಳೆ, ಯಾರ ಮುಖ ನೋಡುತ್ತಾಳೆ ಎಂಬುದನ್ನೂ ಯೋಚಿಸಿಟ್ಟುಕೊಳ್ಳಿ.

ದೇವದುರ್ಗದ ನರ್ಸ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಉತ್ತರ ಬರೆಯದಿದ್ದುದಕ್ಕೆ ಕ್ಷಮಿಸಿ. ನೀವು ಹೇಳಿದ್ದನ್ನು ಸ್ವಲ್ಪವಾದರೂ ಮಾಡಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ.

ಪ್ರತಿ ಹುಡುಗಿಗೆ ಒಂದೊಂದು ನೋಟ್‌ಬುಕ್ ಇಟ್ಟಿದ್ದೇನೆ. ಆಧಾರ್ ಮತ್ತು ಶಾಲೆಯ ದಾಖಲೆ ಹೋಲಿಸಿ ನೋಡಿದಾಗ ಏಳರಲ್ಲಿ ನಾಲ್ವರ ಹೆಸರು ಹೊಂದುತ್ತಿಲ್ಲ. ಒಬ್ಬಳ ಹುಟ್ಟಿದ ವರ್ಷವೇ ಬೇರೆ ಇದೆ. ಡಲ್ಲಾಸ್‌ನ ಸರ್ ಅವರ ನೆರವಿನಿಂದ, ನಮ್ಮೂರಿನಲ್ಲೇ ಬಿ.ಎ. ಓದುತ್ತಿರುವ ಹುಡುಗಿಯೊಬ್ಬಳು ಸಂಜೆ ಭಿನ್ನರಾಶಿ ಕಲಿಸಲು ಒಪ್ಪಿದ್ದಾಳೆ. ಅವಳು ಹತ್ತು ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆಯಲ್ಲೇ ಓದಿದವಳಾದ್ದರಿಂದ, ಅಂಥ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಪದವಿಗೆ ಕೊಡುವ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನದ ಅರ್ಜಿಯ ಬಗ್ಗೆಯೂ ಮಾತನಾಡಿದೆವು. ಗುಳೆ ಹೋಗುವ ಒಂದು ಮನೆಯವರು ಹಾಸ್ಟೆಲ್‌ಗೆ ಒಪ್ಪಿದ್ದಾರೆ, ಇನ್ನೊಂದು ಮನೆಯವರು ಒಪ್ಪಿಲ್ಲ.

ಕಳೆದ ಶನಿವಾರ ಏಳೂ ಮಂದಿಯನ್ನು ಪ್ರೌಢಶಾಲೆಗೆ ಕರೆದುಕೊಂಡು ಹೋದೆ. ಮೂವರು ತಾಯಂದಿರೂ ಬಂದರು, ಅವರಲ್ಲಿ ನನ್ನ ಸಹಪಾಠಿಯೂ ಒಬ್ಬಳು. ಅವಳು ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ನೋಡಿ, “ನೀ ಯಾವ ಬೆಂಚಿನಾಗ ಕುಂದರತಿದ್ದಿ?” ಎಂದು ಕೇಳಿದಳು. ಕಿಟಕಿಯ ಪಕ್ಕದ ಎರಡನೆಯ ಬೆಂಚು ತೋರಿಸಿದೆ. ಅವಳು ಹೋಗಿ ಅದರ ಮೇಲೆ ಕೈಯಾಡಿಸಿ ಹೊರಗೆ ಬಂದಳು. ಮಗಳು ಅಷ್ಟರಲ್ಲಿ ನಿಲ್ದಾಣದ ಅಂಗಡಿಯವರನ್ನು ವಿಚಾರಿಸಿ, ಬಸ್ಸುಗಳ ಹೊತ್ತನ್ನು ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದಳು. ಅರ್ಜಿಗೆ ಎಸ್‌ಡಿಎಂಸಿಯ ಠರಾವು ಸಿಕ್ಕಿದೆ, ಪಂಚಾಯಿತಿಯ ಪತ್ರ ಇನ್ನೂ ಆಗಬೇಕು.

ಮೇಷ್ಟ್ರೇ, ಹುಟ್ಟಿದ ವರ್ಷ ತಪ್ಪಾಗಿರುವ ಹುಡುಗಿಗೆ ಜನನ ಪ್ರಮಾಣಪತ್ರವೇ ಇಲ್ಲ, ಹೆರಿಗೆ ಮನೆಯಲ್ಲೇ ಆಗಿತ್ತು. ಮೊದಲು ಶಾಲೆಯ ದಾಖಲೆ ಸರಿಪಡಿಸಬೇಕೇ, ಆಧಾರ್ ಸರಿಪಡಿಸಬೇಕೇ? ಮುಂದಿನ ಶನಿವಾರದೊಳಗೆ ತಿಳಿಸಿದರೆ ಅವಳ ತಂದೆಯನ್ನು ಕರೆದುಕೊಂಡು ಹೋಗುತ್ತೇನೆ.